ಬಂಡೆ ಕೆಳಗಿನ ಮಡಕೆ

ಚೆನ್ನಬಸುಗೆ ಅನುಮಾನ ಜಾಸ್ತಿ. ಬಯಲುಸೀಮೆಯವನು, ಸಮುದ್ರಾನೇ ನಂಬ್ತಿರಲಿಲ್ಲ. ಇಷ್ಟೊಂದು ನೀರು ಇಟ್ಕೊಂಡು ಒಂದು ಗುಟುಕೂ ಕುಡಿಯೋಕೆ ಕೊಡದೇ ಇರೋದನ್ನ ಹೇಗೆ ನಂಬೋದು?

ಅವನ ಗುರುಗಳ ಆಶ್ರಮ ಇದ್ದದ್ದು ನದಿ ಸಮುದ್ರಕ್ಕೆ ಸೇರೋ ಕಡೆ. ಅಲ್ಲಿಂದ ಉತ್ತರಕ್ಕೆ ಬರೀ ಬಂಡೆ, ಮರಳು, ಕಡಲವರೆಗೂ ಇಳಿದು ಬಂದ ಕಾಡು. ಊರಿಲ್ಲ, ಅಂಗಡಿ ಇಲ್ಲ. ಹಲವು ದಿನ ನಡೆದ್ರೆ ಆ ತುದೀಲಿ ಇನ್ನೊಂದು ಆಶ್ರಮ. ಆ ದಾರಿ ನಡೆದೋನಿಗೆ ಮಾತ್ರ ದೀಕ್ಷೆ.

ಆ ತುದಿಯ ಆಶ್ರಮದ ಹೊನ್ನಕ್ಕ, ಗುರುಗಳಿಗಿಂತ ವಯಸ್ಸಾದ ಸನ್ಯಾಸಿನಿ, ಈ ಕಡೆ ನಡ್ಕೊಂಡು ಬರ್ತಿದ್ರು. ಅವರು ವಾಪಸ್ ಹೋಗುವಾಗ ಚೆನ್ನಬಸು ಜೊತೇಲಿ ಹೊರಡಬೇಕು ಅಂತ ಮಾತಾಗಿತ್ತು. ನನ್ನ ಮೇಲೆ ಕಣ್ಣಿಡೋಕೆ ಮಾಡಿರೋ ಏರ್ಪಾಡು ಅಂತ ಅವನಿಗೆ ಅದೂ ಅನುಮಾನ.

ತಯಾರಿ ಜೋರಾಗಿ ನಡೀತು. ಸಮುದ್ರ ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅಂತ ಮೀನು ಹಿಡಿಯೋರನ್ನ ಕೇಳಿದ. ಅವರು ಸುಳ್ಳು ಹೇಳಿರಬಹುದು ಅಂತ ಗುರುಗಳನ್ನ ಕೇಳಿದ. ಎಲ್ಲರೂ ಒಂದೇ ಉತ್ತರ ಕೊಟ್ರು. ಮೊದಲೇ ಮಾತಾಡ್ಕೊಂಡಿದ್ದಾರೆ ಅಂದ್ಕೊಂಡ.

ಕುಡಿಯೋ ನೀರಿನ ವಿಷಯ ಬಂದಾಗಂತೂ ತಲೆ ಕೆಟ್ಟೋಯ್ತು.

ಆ ದಾರೀಲಿ ಒಂದು ಪದ್ಧತಿ. ತಂಗೋ ಜಾಗದಲ್ಲೆಲ್ಲ ಬಂಡೆ ಕೆಳಗೆ, ನೆರಳಲ್ಲಿ, ಒಂದು ಮಡಕೆ ನೀರು. ಬಂದೋರು ಕುಡೀಬೇಕು. ಆಮೇಲೆ ಬಂಡೆ ಹತ್ತಿ, ಸಂದೀಲಿ ಹನಿ ಹನಿ ಜಿನುಗೋ ನೀರಿಗೆ ಕರಟ ಒಡ್ಡಿ, ತುಂಬಿದಾಗೆಲ್ಲ ಮಡಕೆಗೆ ಸುರೀಬೇಕು. ಮಡಕೆ ತುಂಬೋಕೆ ಅರ್ಧ ದಿನ. ಭರತ ಬಂದು, ಅಂದ್ರೆ ಸಮುದ್ರ ಏರಿ, ಬಂಡೆ ಬುಡದ ದಾರಿ ಮುಳುಗಿರೋ ಹೊತ್ತು, ಹೇಗೂ ಕದಲೋ ಹಾಗಿಲ್ಲ. ಕೂತು ತುಂಬಿಸೋದು, ಮುಂದೆ ಬರೋನಿಗೆ.

"ನಂಗಿಂತ ಮುಂಚೆ ಬಂದೋನು ಯಾರು ಅಂತ ನಂಗೇನು ಗೊತ್ತು?" ಅಂದ ಚೆನ್ನಬಸು. "ಅದ್ರಲ್ಲಿ ಉಗುಳಿದ್ರೆ?"

"ಉಗುಳಿರಬಹುದು," ಅಂದ್ರು ಗುರುಗಳು.

"ನೀವು ಕುಡಿದಿದ್ದೀರಾ?"

"ಹೂಂ."

"ರುಚಿ ಹೇಗಿತ್ತು?"

"ಬಾಯಾರಿತ್ತು, ತಮ್ಮಾ. ರುಚಿ ಯಾರು ನೋಡಿದ್ರು?"

ಇದು ನೇರ ಉತ್ತರ ಅಲ್ಲ ಅಂತ ಚೆನ್ನಬಸು ಪೇಟೆಗೆ ಹೋಗಿ ಎರಡು ದೊಡ್ಡ ಪ್ಲಾಸ್ಟಿಕ್ ಕ್ಯಾನ್ ತಂದ. ತುಂಬಿಸಿ, ಕೋಲಿಗೆ ಕಟ್ಟಿ, ಹೆಗಲಿಗೇರಿಸಿ ಮರಳಲ್ಲಿ ನಡೆದು ನೋಡಿದ. ಅಂಗಳದ ತೆಂಗಿನ ಮರ ದಾಟೋದ್ರೊಳಗೆ ಮಂಡಿ ಊರಿ ಕೂತ. ಗುರುಗಳು ನಗಲಿಲ್ಲ. ಯಾಕೆ ನಗಲಿಲ್ಲ ಅಂತ ಅದಕ್ಕೂ ಅನುಮಾನ.

"ಮೊದಲನೇ ಮಡಕೆ ಹತ್ರಾನೇ ಇದೆ," ಅಂದ್ರು. "ನಾಳೆ ಬೆಳಿಗ್ಗೆ ಸಮುದ್ರ ಇಳಿದಾಗ ಹೋಗಿ ನೋಡ್ಕೊಂಡು ಬಾ."

ಮಾರನೇ ದಿನ ಮಧ್ಯಾಹ್ನಕ್ಕೆ ಮುಂಚೇನೇ ಅವನು ಓಡ್ಕೊಂಡು ವಾಪಸ್ ಬಂದ. ಗುರುಗಳು ಹೊನ್ನಕ್ಕನ ಗಂಜಿಗೆ ಅಂತ ಅಕ್ಕಿ ತೊಳೀತಿದ್ರು.

"ನೋಡಿದೆ," ಅಂದ, ಗೆದ್ದೋನ ಹಾಗೆ. "ಪೂರ್ತಿ ಚೆಲ್ಲಿ ತಳದವರೆಗೂ ನೋಡಿದೆ. ಹುಳ ಇಲ್ಲ, ಪಾಚಿ ಇಲ್ಲ. ಮಡಕೆ ಚೊಕ್ಕ."

ಗುರುಗಳ ಕೈ ನಿಂತಿತು.

"ತುಂಬ್ಸಿದ್ಯಾ?"

ತುಂಬಿಸಿರಲಿಲ್ಲ. ಅಲ್ಲೇ ಕೂತಿದ್ರೆ ಭರತ ಬಂದು ದಾರಿ ಮುಚ್ತಿತ್ತು, ಸಮುದ್ರಾನ ನಂಬೋಕಾಗಲ್ಲ, ಹೇಗೂ ನಾನೇ ಮತ್ತೆ ಆ ಕಡೆ ಹೋಗೋನಲ್ವಾ, ಆಗ ತುಂಬ್ಸಿದ್ರಾಯ್ತು ಅಂತ ಏನೇನೋ ಹೇಳಿದ.

"ಹೊನ್ನಕ್ಕ ಇವತ್ತು ಸಂಜೆ ಆ ಬಂಡೆಗೆ ಬರ್ತಾಳೆ," ಅಂದ್ರು ಗುರುಗಳು. "ಹಿಂದಿನ ಮಡಕೆ ಬಿಟ್ಟು ಬೆಳಿಗ್ಗೆಯಿಂದ ಬಿಸಿಲಲ್ಲಿ ನಡೀತಿದ್ದಾಳೆ, ಆ ಮಡಕೆ ನೆನೆಸ್ಕೊಂಡು."

ಹನಿ ನೀರು ಇದೆಯಲ್ಲ ಅಂತ ಬಾಯಿ ತೆಗೆದ ಚೆನ್ನಬಸು. ಬಾಯಾರಿ ಬಂದ ಮುದುಕಿ ಬಂಡೆ ಹತ್ತಿ ಕರಟ ಹಿಡ್ಕೊಂಡು ನಿಲ್ಲೋದು ಕಣ್ಣಿಗೆ ಬಂತು. ಬಾಯಿ ಮುಚ್ಚಿದ.

ಸಮುದ್ರ ಆಗಲೇ ಬಂಡೆ ಬುಡಕ್ಕೆ ಬಡೀತಿತ್ತು. ಕೆಳಗಿನ ದಾರಿ ಇಲ್ಲ. ಗುರುಗಳು ಕತ್ತಿ ತಗೊಂಡು ಗುಡ್ಡದ ಕಡೆ ಹೊರಟ್ರು, ಮುಳ್ಳು ಸವರಿ ದಾರಿ ಮಾಡ್ಕೊಂಡು.

ಚೆನ್ನಬಸು ನೀರು ತುಂಬಿದ್ದ ಕ್ಯಾನ್ ಎರಡೂ ಹೊತ್ಕೊಂಡು ಹಿಂದೆ ಹತ್ತಿದ. ಬಿದ್ದ, ಎದ್ದ, ಮತ್ತೆ ಬಿದ್ದ. ಕೂರಲಿಲ್ಲ.

ಆ ಕಡೆ ಇಳಿದಾಗ ಬಿಸಿಲು ಇನ್ನೂ ಇತ್ತು. ಮರಳ ಮೇಲೆ ಅವನದ್ದು ಬಿಟ್ಟು ಯಾರ ಹೆಜ್ಜೇನೂ ಇಲ್ಲ. ಮಡಕೆ ಅವನು ಬಿಟ್ಟು ಬಂದ ಹಾಗೇ ಮಗುಚಿ ಬಿದ್ದಿತ್ತು. ತೊಳೆದು, ನೆಟ್ಟಗಿಟ್ಟು, ಕಂಠದವರೆಗೂ ತುಂಬಿಸಿದ.

ಹೊನ್ನಕ್ಕ ಬರೋವರೆಗೂ ಕಾಯೋಣ, ಯಾರು ತುಂಬಿಸಿದ್ದು ಅಂತ ಹೇಳೋಣ ಅಂದ. ಆಶ್ರಮದಲ್ಲಿ ಗಂಜಿಗೆ ಒಲೆ ಹಚ್ಚಬೇಕು ಅಂದ್ರು ಗುರುಗಳು.

ಚೆನ್ನಬಸು ಮಡಕೆ ಬಿಟ್ಟು ಏಳಲಿಲ್ಲ.

"ಗುರುಗಳೇ, ಇದು ಒಳ್ಳೇ ನೀರು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ? ಅನುಮಾನ ಬಂದ್ರೆ?"

ಗುರುಗಳು ಮುಚ್ಚಳ ಅವನ ಕೈಗೆ ಕೊಟ್ರು.

"ಬಂದ್ರೆ ಚೆಲ್ತಾಳೆ."