ಗೌಡರ ಹೆಬ್ಬೆರಳು

ಪುಟ್ಟಸಿದ್ದೇಗೌಡರಿಗೆ ತಮ್ಮ ನೆರಳಿನ ಮೇಲೂ ಅನುಮಾನ. ಅವರಪ್ಪನ ಕಾಲದ ಕಾರಿಗೆ ಪೇಂಟರ್ ದಸ್ತಗೀರ್ ಕೆಂಪು ಲ್ಯಾಕರ್ ಸ್ಪ್ರೇ ಮಾಡಿದಾಗಲೆಲ್ಲ, "ಬಣ್ಣ ಬಿಟ್ಟು ಬರೀ ಥಿನ್ನರ್ ಹೊಡೆದಿದ್ದೀಯೇನೋ?" ಎಂದು ಹಸಿ ಬಣ್ಣಕ್ಕೆ ಹೆಬ್ಬೆರಳು ಒತ್ತಿ ನೋಡುವರು. ಬಾನೆಟ್ಟು ಆಗಲೇ ಎರಡು ಸಲ ಕೆಟ್ಟಿತ್ತು. ಈಗ ಹೊಸ ಅಪ್ಪಣೆ ಬೇರೆ: "ನಾಳೆ ಹಳೇ ಕಾರುಗಳ ಮೆರವಣಿಗೆ. ಇವತ್ತು ಮುಗಿಸದಿದ್ರೆ ಗಾಡಿ ಬೇರೆ ಶೆಡ್ಡಿಗೆ!"

ದಸ್ತಗೀರ್ ಯಾವುದೋ ಗುಜರಿ ಕಾರಿನ ಮಡ್‌ಗಾರ್ಡಿಗೆ ಅದೇ ಬಣ್ಣವನ್ನು ದಪ್ಪಗೆ ಹೊಡೆದು, ಶೆಡ್ಡಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಗೌಡರ ಮುಂದೆ, ಅವರ ಕಾರಿನದೇ ಎಂಬಂತೆ ತಂದಿಟ್ಟ. ದನಿ ತಗ್ಗಿಸಿದ.

"ಗೌಡ್ರೇ, ಇದನ್ನ ಯಾರೂ ಮುಟ್ಟದ ಹಾಗೆ ನೀವೇ ಕಾಯಬೇಕು. ಈ ಬೀದೀಲಿ ಯಾರನ್ನೂ ನಂಬೋ ಹಾಗಿಲ್ಲ."

"ನನಗೂ ಅದೇ ಗುಮಾನಿ," ಎಂದರು ಗೌಡರು. ಸುಮ್ಮನೆ ಹಾದುಹೋಗುತ್ತಿದ್ದ ಟೀ ಮಾರುವವನನ್ನೂ ಗದರಿಸಿ ಓಡಿಸಿದರು. ಒಳಗೆ ದಸ್ತಗೀರ್ ಬಾಗಿಲು ಹಾಕಿಕೊಂಡು ನಿಶ್ಚಿಂತೆಯಿಂದ ಕೆಲಸ ಮುಗಿಸಿದ.

ಸಂಜೆ ಕಾರು ನಾಲ್ಕೂ ಮಡ್‌ಗಾರ್ಡಿನ ಸಮೇತ, ಮುಖ ಕಾಣುವಷ್ಟು ಹೊಳೆಯುತ್ತ ಹೊರಬಂತು. ಗೌಡರು ಕಾದಿದ್ದ ಮಡ್‌ಗಾರ್ಡಿನ ತುಂಬ ಮಾತ್ರ ಹೆಬ್ಬೆರಳಿನ ಗುರುತು.

"ಇದನ್ನ ಯಾರು ಮುಟ್ಟಿದ್ದು, ಗೌಡ್ರೇ?"

"ಒಂದು ನರಪಿಳ್ಳೆನೂ ಹತ್ತಿರ ಬಂದಿಲ್ಲ!" ಎನ್ನುತ್ತ ಗೌಡರು ಕೆಂಪಾದ ಹೆಬ್ಬೆರಳನ್ನು ಮೆಲ್ಲಗೆ ಮುಷ್ಟಿಯೊಳಗೆ ಮಡಚಿಕೊಂಡರು. "ನನಗೇನೋ ನಿನ್ನ ಮೇಲೇ ಅನುಮಾನ."