ಹೊಲಸು ನೀರಿಗೊಂದು ರಜೆ

ಹೊಳೆದಂಡೆಯ ಆ ಸಣ್ಣ ಪಟ್ಟಣದಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನು ನೋಡಿಕೊಳ್ಳುತ್ತಿದ್ದವಳು ದ್ಯಾಮವ್ವ. ಒಂದು ಸಂಜೆ ಪುರಸಭೆಯ ಅಧ್ಯಕ್ಷ ಈರಭದ್ರಗೌಡರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಅಲ್ಲಿಗೆ ಬಂದರು.

“ನಾಳೆ ಪಕ್ಕದ ಉದ್ಯಾನ ಉದ್ಘಾಟನೆಗೆ ಮಂತ್ರಿಗಳು ಬರ್ತಾರ. ವಾಸನಿ ಬರಬಾರ್ದು. ಘಟಕ ಬಂದ್ ಮಾಡು.”

“ಬಂದ್ ಮಾಡಿದ್ರ ಹೊಲಸೆಲ್ಲ ಸೀದಾ ಹೊಳಿಗೆ ಹೋಗ್ತದ್ರೀ. ಕೆಳಗಿನ ಊರಿನವರು ಅದನ್ನ ಕುಡೀತಾರ.”

“ಹೊಳಿಗೂ ಬಿಡಬ್ಯಾಡ. ಹೇಳಿದಷ್ಟು ಮಾಡು!”

ದ್ಯಾಮವ್ವ ಕೈಮುಗಿದು, “ಆಗ್ಲಿರೀ. ನಾಳೆ ಯಾರೂ ಕಕ್ಕಸಿಗೆ ಹೋಗಬಾರದು ಅಂತ ನಿಮ್ಮ ಹೆಸರಿನಾಗ ಊರತುಂಬ ಡಂಗುರ ಸಾರಸ್ರಿ, ನಾನು ಬಂದ್ ಮಾಡ್ತೀನಿ” ಎಂದಳು. “ಮಂತ್ರಿಗಳ ಊಟ ನಿಮ್ಮ ಮನ್ಯಾಗಂತ. ಅವರಿಗೆ ಮಾತ್ರ ನೀವೇ ಹೇಳ್ರಿ.”

ಗೌಡರು ಬಂದ ದಾರಿಯಲ್ಲೇ ತಿರುಗಿ ನಡೆದರು.

ಮರುದಿನ ಘಟಕ ಎಂದಿನಂತೆ ನಡೆಯಿತು. ರಿಬ್ಬನ್ ಕತ್ತರಿಸಿದ ಮಂತ್ರಿಗಳು ಮೂಗು ಮುಚ್ಚಿಕೊಂಡು, “ಏನ್ರೀ ಗೌಡ್ರೇ, ಯಾರದಿದು ಹೊಲಸು?” ಎಂದು ಕೇಳಿದರು.

ಗೌಡರು ದೂರದಲ್ಲಿ ನಿಂತಿದ್ದ ದ್ಯಾಮವ್ವನ ಕಡೆ ಒಮ್ಮೆ ನೋಡಿದರು.

“ನಮ್ಮದೇ ಸಾಹೇಬ್ರ,” ಎಂದರು ಮೆಲ್ಲಗೆ. “ಊಟ ಆದಮ್ಯಾಲ ನಿಮ್ಮದೂ ಸೇರ್ತದ.”