ಹಪ್ಪಳದ ಓಣಿ

ಶಿಷ್ಯ ಕೇಳಿದ: "ಗುರುಗಳೇ, ಒಂದು ತಿಂಗಳಿನಿಂದ ಕಾರು ಬಿಟ್ಟು ಸೈಕಲ್ಲಿನಲ್ಲಿ ಕಚೇರಿಗೆ ಹೋಗುತ್ತಿದ್ದೇನೆ. ಮೈ ಹಗುರಾಗಿದೆ. ನಿದ್ದೆ ಚೆನ್ನಾಗಿ ಬರುತ್ತಿದೆ. ಆದರೆ ಕಾರು ಕಂಡರೆ ಎದ್ದು ಸಲಾಮು ಹೊಡೆಯುತ್ತಿದ್ದ ಕಾವಲುಗಾರ ಈಗ ಕೂತಲ್ಲಿಂದ ಏಳುವುದಿಲ್ಲ. ಇಷ್ಟು ವರ್ಷ ದುಡಿದು ಗಳಿಸಿದ ಮರ್ಯಾದೆಯನ್ನು ನಾನೇ ಕೈಯಾರೆ ಕಳೆದುಕೊಳ್ಳುತ್ತಿದ್ದೇನೆಯೇ? ಮತ್ತೆ ಕಾರು ಹತ್ತಲೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಹಪ್ಪಳದ ವ್ಯಾಪಾರಗಾರ್ತಿ ಇದ್ದಳು. ಅವಳಿಂದ ಏನೂ ಆಗದು ಎಂದು ಮೊದಲು ಹೇಳಿದವನು ಅವಳ ಗಂಡನ ಅಣ್ಣ. ಗಂಡ ತೀರಿಕೊಂಡ ವರ್ಷ ಆಕೆ ಅಂಗಡಿ ಇಡುವ ಮಾತೆತ್ತಿದಳು. ಅವನು ಕಟ್ಟೆಯ ಮೇಲೆ ಕೂತು, ನಾಲ್ಕು ಜನರ ಎದುರು, "ಅದು ಲಟ್ಟಣಿಗಿ ಹಿಡಿಯೋ ಕೈ. ತಕ್ಕಡಿ ಹಿಡೀತದೇನು?" ಎಂದ. ನಾಲ್ವರೂ ನಕ್ಕರು. ಆಕೆ ಅಳಲಿಲ್ಲ. ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹಪ್ಪಳ ಮಾರಿದಳು. ಪೊಟ್ಟಣ ಕಟ್ಟಲು ತಂದ ಹಳೆಯ ಪತ್ರಿಕೆಗಳಲ್ಲಿ ಒಂದೊಂದೇ ಅಕ್ಷರ ಕಲಿತಳು. ಹತ್ತು ವರ್ಷದಲ್ಲಿ ತಕ್ಕಡಿ ಹಿಡಿದಳು. ಇಪ್ಪತ್ತು ವರ್ಷದಲ್ಲಿ ಗೋದಾಮು ಕಟ್ಟಿದಳು. ಆಮೇಲೆ ಒಂದು ಕಾರು ಕೊಂಡಳು.

ಮನೆಯಿಂದ ಗೋದಾಮಿಗೆ ಹೋಗುವ ದಾರಿಯಲ್ಲಿ ಮಣ್ಣಿನ ರಸ್ತೆಯ ಒಂದು ಓಣಿ ಇತ್ತು. ಅಲ್ಲಿಯ ಹೆಂಗಸರಿಗೆ ಆಕೆಯೇ ಹಿಟ್ಟು ಕೊಡುತ್ತಿದ್ದಳು. ಅವರು ಬಾಗಿಲಲ್ಲಿ ಕೂತು ಹಪ್ಪಳ ಲಟ್ಟಿಸಿ, ಮನೆಯ ಮುಂದೆ ಹಗ್ಗದ ಹೊರಸಿನ ಮೇಲೆ ಹಳೆಯ ಸೀರೆ ಹಾಸಿ ಒಣಗಿಸಿ, ಬುಟ್ಟಿ ತುಂಬಿ ಕಳಿಸುತ್ತಿದ್ದರು. ಆಕೆಯೂ ಒಂದು ಕಾಲದಲ್ಲಿ ಅದೇ ಓಣಿಯಲ್ಲಿ ಲಟ್ಟಿಸಿದವಳು. ಆದರೆ ಆಗ ಅಲ್ಲಿಗೆ ಎತ್ತಿನ ಗಾಡಿಯೂ ಬರುತ್ತಿರಲಿಲ್ಲ.

ದಿನವೂ ಬೆಳಿಗ್ಗೆ ಕಾರು ಓಣಿಗೆ ಬರುತ್ತಲೇ ಹೆಂಗಸರು ಎದ್ದು ನಿಲ್ಲುತ್ತಿದ್ದರು. ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಸೆರಗು ಹರಡಿ ಹಿಡಿಯುತ್ತಿದ್ದರು. ದೇವರ ಮುಂದೆ ಸೆರಗೊಡ್ಡಿದಂತೆಯೇ ಅದು ಆಕೆಗೆ ಕಾಣುತ್ತಿತ್ತು. ಏರಿಸಿದ ಗಾಜಿನ ಒಳಗಿನಿಂದ ನೋಡಿ ಆಕೆಯ ಕಣ್ಣು ತುಂಬುತ್ತಿತ್ತು. ಆ ದಿನ ಕಟ್ಟೆಯ ಮೇಲೆ ನಕ್ಕವರಿಗೆ ಇದೇ ಉತ್ತರ ಎಂದುಕೊಳ್ಳುತ್ತಿದ್ದಳು.

ಒಮ್ಮೊಮ್ಮೆ ಹಪ್ಪಳದಲ್ಲಿ ಮರಳು ಸಿಗುತ್ತಿತ್ತು. ಗಿರಾಕಿಗಳು ದೂರುತ್ತಿದ್ದರು. ಆಕೆ ಕೆಲಸದಲ್ಲಿ ಬಲು ಕಟ್ಟುನಿಟ್ಟು. ಮರಳು ಸಿಕ್ಕ ಬುಟ್ಟಿಯನ್ನು ಕೂಲಿ ಕೊಡದೆ ತಿರುಗಿ ಕಳಿಸಿಬಿಡುತ್ತಿದ್ದಳು. ಮೂಲೆಮನೆಯ ಹೆಂಗಸಿನ ಬುಟ್ಟಿ ಮೂರು ಸಲ ತಿರುಗಿ ಹೋಯಿತು.

ಐವತ್ತೆರಡನೆಯ ವಯಸ್ಸಿಗೆ ಆಕೆಯ ಮಂಡಿ ಹಿಡಿಯಿತು. ಗೋದಾಮಿನ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೈ ಆಡಿಸದಿದ್ದರೆ ಆಗದು ಎಂದು ವೈದ್ಯರು ಹೇಳಿದರು. ಎರಡು ಮೈಲಿಯ ದಾರಿಗೆ ದಿನವೂ ಎಣ್ಣೆ ಸುಡುವುದೇಕೆ ಎಂದು ಆಕೆಗೂ ಅನಿಸಿತು. ಸೈಕಲ್ಲು ತರಿಸಿದಳು. ಗೋದಾಮಿನ ಗೋಡೆ ಹಿಡಿದು ಕಲಿತಳು. ಎರಡು ಸಲ ಬಿದ್ದು ಮೊಣಕೈ ತರಚಿಕೊಂಡಳು. ಮೂರನೆಯ ವಾರ ಓಣಿಗೆ ಇಳಿದಳು.

ಒಬ್ಬರೂ ಏಳಲಿಲ್ಲ.

ಮರುದಿನವೂ ಏಳಲಿಲ್ಲ. ಕೂತೇ ಲಟ್ಟಿಸಿದರು. ಮಾತಾಡಿಕೊಂಡು ನಕ್ಕರು. ಆ ನಗು ತನ್ನ ಮೇಲೆಯೇ ಎಂದು ಆಕೆ ತಿಳಿದಳು. ಒಂದು ವಾರ ಸಹಿಸಿದಳು. ನಾಳೆಯಿಂದ ಮತ್ತೆ ಕಾರು ಎಂದು ನಿರ್ಧರಿಸಿದಳು. ಆದರೆ ಒಂದು ಮಾತು ಕೇಳದೆ ಬಿಡುವ ಹೆಂಗಸಲ್ಲ ಆಕೆ. ಮೂಲೆಮನೆಯ ಮುಂದೆ ಸೈಕಲ್ಲು ನಿಲ್ಲಿಸಿದಳು.

"ಕಾರಿನ್ಯಾಗ ಬಂದರ ಎದ್ದ ನಿಲ್ತಿದ್ರಿ. ಈಗ ಕಣ್ಣೆತ್ತಿ ಸೈತ ನೋಡವಲ್ರಿ. ನಾ ಅಷ್ಟ ಹಗುರ ಆದೆನೇನ?"

ಮೂಲೆಮನೆಯ ಹೆಂಗಸು ಲಟ್ಟಣಿಗೆ ನಿಲ್ಲಿಸಲಿಲ್ಲ. "ಅಯ್ಯ ಅಕ್ಕಾರ, ನಿಮಗೆಲ್ಲಿ ಎದ್ದ ನಿಂತಿದ್ವಿ? ಕಾರಿನ ಧೂಳಿಗೆ ಏಳ್ತಿದ್ವಿ. ಹಪ್ಪಳದ ಮ್ಯಾಲ ಸೆರಗ ಹಿಡಿಯೋದ್ರಾಗ ನಿಮ್ಮ ಮಾರಿ ನೋಡಾಕ ಪುರುಸೊತ್ತ ಎಲ್ಲಿತ್ತು? ಈಗ ಧೂಳಿಲ್ಲ. ಕುಂತ ಲಟ್ಟಿಸ್ತೀವಿ."

ವ್ಯಾಪಾರಗಾರ್ತಿ ಹೊರಸಿನ ಮೇಲಿನ ಹಪ್ಪಳಗಳನ್ನು ನೋಡಿದಳು. "ಹಂಗಾದರ ನಾ ತಿರುಗಿ ಕಳಿಸಿದ ಬುಟ್ಟಿ?" ಎಂದಳು.

"ಅದರಾಗಿನ ಮರಳೂ ಅದ ಕಾರಿನ ಧೂಳ್ರಿ."

"ಒಂದ ಮಾತ ಹೇಳಬಾರದಿತ್ತೇನ?"

"ಗಾಜ ಏರಿಸಿಕೊಂಡ ಹೋಗ್ತಿದ್ರಿ ಅಕ್ಕಾರ. ಯಾರಿಗೆ ಹೇಳೂದಿತ್ತು?"

ಆಕೆ ಸೈಕಲ್ಲನ್ನು ಗೋಡೆಗೆ ಒರಗಿಸಿದಳು. ಆ ಹೆಂಗಸು ಅವಳ ಮುಖ ನೋಡಿದಳು. ಸರಿದು ಜಾಗ ಮಾಡಿ, "ಕುಂದರ್ರಿ. ಬಿಸಲಾಗ ಬಂದೀರಿ" ಎಂದಳು. ಒಳಗೆ ಹೋಗಿ ಕೆಂಡದ ಮೇಲೆ ಒಂದು ಹಪ್ಪಳ ಸುಟ್ಟು ತಂದು ಕೈಗೆ ಕೊಟ್ಟಳು. ವ್ಯಾಪಾರಗಾರ್ತಿ ಹೊಸ್ತಿಲ ಪಕ್ಕ ಕೂತು ತಿಂದಳು. ಹಲ್ಲಿಗೆ ಮರಳು ಸಿಗಲಿಲ್ಲ. ತನ್ನ ಹಪ್ಪಳವನ್ನು ಇನ್ನೊಬ್ಬರ ಕೈಯಿಂದ ಇಸಿದುಕೊಂಡು ತಿಂದು ಎಷ್ಟು ವರ್ಷವಾಗಿತ್ತೋ ಅವಳಿಗೆ ನೆನಪಾಗಲಿಲ್ಲ.

ಮರುದಿನ ಆಕೆ ತಿರುಗಿ ಕಳಿಸಿದ್ದ ಬುಟ್ಟಿಗಳ ಕೂಲಿಯನ್ನು ತಾನೇ ಮನೆಮನೆಗೆ ಒಯ್ದು ಕೊಟ್ಟಳು. ಆ ವಾರವೇ ಕಾರು ಮಾರಿದಳು. ಅವಳ ವ್ಯಾಪಾರ ಬಿದ್ದಿತೆಂದು ಊರೆಲ್ಲ ಸುದ್ದಿಯಾಯಿತು. ಆಕೆ ಯಾರಿಗೂ ಸಮಜಾಯಿಷಿ ಕೊಡಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಊರ ಬಾಯಿಗೆ ಬಿದ್ದಳು. ಕಾರನ್ನೂ ಕಳೆದುಕೊಂಡಳು. ಕೊನೆಗೆ ಅವಳಿಗೆ ಉಳಿದದ್ದಾದರೂ ಏನು ಗುರುಗಳೇ?"

ಗುರುಗಳು ಹೇಳಿದರು: "ಈಗ ಅವಳ ಬಳಿ ಒಂದು ಸೈಕಲ್ಲಿದೆ, ಮೆಟ್ಟಿಲು ಹತ್ತುವ ಎರಡು ಕಾಲಿವೆ, ಕುಂದರ್ರಿ ಎನ್ನುವ ಒಂದು ಓಣಿಯಿದೆ, ಅಷ್ಟಕ್ಕೂ ಅವಳು ತೆತ್ತದ್ದು, ಎಂದೂ ಅವಳದಾಗಿರದ ಒಂದು ಮರ್ಯಾದೆಯನ್ನು."